ಕನ್ನಡವಾಗಿ ಮರಳಿದ ಅಮ್ಮನ ಹಾಡು

ಅಮ್ಮನ ಹಾಡಿನ ಫೈಲ್ ತೆರೆದರೆ ಅದರಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಕಾಲೇಜು ಶುರುವಾಗುವ ಮೊದಲೇ ಕಲಿತುಬಿಡೋಣವೆಂದು ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡಿದ್ದೆ. ಅಮ್ಮ ಟೈಪ್ ಮಾಡುತ್ತಿದ್ದ ಹಳೆಯ ಕನ್ನಡ ಫಾಂಟ್ ಅದರೊಂದಿಗೇ ಹೋಗಿತ್ತು. ಇನ್ನೊಮ್ಮೆ ಟೈಪ್ ಮಾಡಿಕೊಡಲು ಅಮ್ಮ ಈಗ ಇಲ್ಲ.

ಪೆನ್‌ಡ್ರೈವ್ ಹಿಡಿದು, ಸಾಗರದಲ್ಲಿ ಮದುವೆ ಕಾಗದ ಟೈಪ್ ಮಾಡುವ ಅಂಗಡಿಗೆ ಓಡಿದೆ. ಅಲ್ಲಿದ್ದ ಅಕ್ಕನ ಕಂಪ್ಯೂಟರಿನಲ್ಲಿ ಆ ಫಾಂಟ್ ಇನ್ನೂ ಇತ್ತು. ಫೈಲ್ ತೆರೆದದ್ದೇ ತಡ, ಸಾಲುಗಳೆಲ್ಲ ಕನ್ನಡವಾಗಿ ಎದ್ದು ನಿಂತವು. ಅಕ್ಕ ಪ್ರಿಂಟ್ ಕೊಡುವುದನ್ನು ಮರೆತು ಓದತೊಡಗಿದರು.

“ಇದು ಮದುವೇಲಿ ಹಸೆಗೆ ಕರೆಯೋ ಹಾಡಲ್ದನೇ ಕೂಸೇ! ಧಾಟಿ ಹ್ಯಾಂಗೆ? ಒಂಚೂರು ಹೇಳು ನೋಡನ.”

ಬಾಯಿ ತೆರೆದೆ. ಅಮ್ಮನ ದನಿ ಕಿವಿಯಲ್ಲಿತ್ತು, ಹಾಡು ಮಾತ್ರ ಹೊರಡಲಿಲ್ಲ.

“ನಂಗೆ ಬತ್ತಿಲ್ಲೆ ಅಕ್ಕಾ” ಎಂದೆ.

ಅಕ್ಕ ಆಮೇಲೆ ಪ್ರಿಂಟ್ ತೆಗೆದುಕೊಟ್ಟ ಹಾಳೆ ಈಗ ಹಾಸ್ಟೆಲಿನಲ್ಲಿ, ನನ್ನ ಮಂಚದ ಪಕ್ಕದ ಗೋಡೆಯ ಮೇಲಿದೆ. ರೂಮಿನಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿ ಓದುತ್ತೇನೆ. ಓದುತ್ತೇನೆ, ಅಷ್ಟೇ.