ಪರಾತದೊಳಗಿನ ಸಮುದ್ರ
ನಿಲಂಗಾದ ಬಟ್ಟೆ ವ್ಯಾಪಾರಿ ರೇವಣಸಿದ್ಧಪ್ಪನವರು ಯೌವನದಲ್ಲಿ ನೌಕಾಪಡೆಯಲ್ಲಿದ್ದರೆಂಬ ವದಂತಿ ಉದಗೀರದವರೆಗೂ ಹಬ್ಬಿದೆ. ನಿಜವೆಂದರೆ ಅವರು ಸಮುದ್ರವನ್ನೇ ಕಂಡವರಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮನೆಯ ಕಂಪ್ಯೂಟರಿನಲ್ಲಿ ಮಹಾಯುದ್ಧದ ಹಡಗುಗಳ ಚಿತ್ರ ಬಿಡಿಸುತ್ತಾರೆ. ಫಿರಂಗಿಯ ಬಾಯಿಗೆ ಹಿಡಿದ ತುಕ್ಕೂ ನಿಜವೆನಿಸಬೇಕು. ಬಿರುಗಾಳಿಯ ಅಲೆಯನ್ನು ಅರಿಯಲು ಹಿಟ್ಟು ನಾದುವ ಪರಾತಕ್ಕೆ ನೀರು ತುಂಬಿ, ಸಾಬೂನಿನ ಡಬ್ಬಿ ತೇಲಿಬಿಟ್ಟು ಅಲುಗಾಡಿಸುತ್ತಾರೆ. ‘ನಿಮ್ಮ ಲಡಾಯಿ ಮುಗದಿದ್ರ ಪರಾತ ಕೊಡ್ರಿ, ರೊಟ್ಟಿ ಮಾಡಬೇಕು’ ಎಂದು ಹೆಂಡತಿ ಗಿರಿಜಾಬಾಯಿ ಬಾಗಿಲಲ್ಲಿ ನಿಂತರೆ, ‘ತಡಿ, ಇನ್ನಾ ತೂಫಾನ ನಿಂತಿಲ್ಲ’ ಎಂಬುದು ನಿತ್ಯದ ಉತ್ತರ. ಹಡಗು ಯಾವ ದೇಶದ್ದೇ ಆಗಲಿ, ಮೂತಿಗೆ ಮೂರು ಬೆರಳಿನ ವಿಭೂತಿ ಹಚ್ಚದ ಹೊರತು ಅದನ್ನು ನೀರಿಗಿಳಿಸುವುದಿಲ್ಲ. ಕೊನೆಗೂ ಅವರದೊಂದು ಚಿತ್ರ ಪುಸ್ತಕದ ಮುಖಪುಟವಾಗುವ ಯೋಗ ಬಂದಿತು. ಕಲಬುರಗಿಯ ಪ್ರಕಾಶಕರು ಫೋನಿನಲ್ಲಿ, ‘ವಿಭೂತಿ ಇರಲಿ ರೀ, ಆದ್ರ ಹಡಗು ಅರ್ಧಾ ಮುಳುಗಿಸ್ರಿ’ ಎಂದರು. ‘ಒಳಗ ಮಂದಿ ಅದಾರ ರೀ’ ಎಂದು ರೇವಣಸಿದ್ಧಪ್ಪನವರು ಫೋನಿಟ್ಟರು. ೧೯೯೩ರ ಭೂಕಂಪದ ಬೆಳಗು ಲೋಹಾರಾ ಕಡೆಯ ಹಳ್ಳಿಯೊಂದರಲ್ಲಿ ಕಲ್ಲುಮಣ್ಣಿನಡಿಯಿಂದ ಜನರನ್ನು ಹೊರಗೆಳೆದವರಲ್ಲಿ ಅವರೂ ಒಬ್ಬರು, ಎಲ್ಲರನ್ನೂ ಎಳೆಯಲಾಗಿರಲಿಲ್ಲ. ಸದ್ಯ ಮುಖಪುಟದ ಕೆಲಸ ಬೇರೊಬ್ಬ ಕಲಾವಿದರ ಪಾಲಾಗಿದೆ. ಹಡಗು ರೇವಣಸಿದ್ಧಪ್ಪನವರ ಪರದೆಯ ಮೇಲೆ ತೇಲುತ್ತಿದೆ.