ಮೂಗಿನೊಳಗಿಟ್ಟು ಇಲ್ಲವೆಂದದ್ದು

ಜಯಮ್ಮನಿಗೆ ನಾನು ಸುಳ್ಳು ಹೇಳಿದೆ. ಅವರ ಮೂಗಿನೊಳಗೆ ನಾನೇ ಇಟ್ಟಿದ್ದನ್ನು ಇಟ್ಟೇ ಇಲ್ಲವೆಂದು, ಅವರ ಗಂಡನೆದುರೇ ಹೇಳಿದೆ.

ಜಯಮ್ಮ ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವರು. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ, ನಾನು ಸರ್ಜನ್ ಆಗಿರುವ ಆಸ್ಪತ್ರೆಗೆ ಬಂದರು. ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ, ಗಡ್ಡೆಯೊಂದು ಕಣ್ಣಿನ ನರವನ್ನು ಒತ್ತುತ್ತಿತ್ತು. ಮೂಗಿನ ದಾರಿಯಲ್ಲೇ ಎಂಡೋಸ್ಕೋಪ್ ತೂರಿಸಿ ಅದನ್ನು ತೆಗೆದೆವು. ದೃಷ್ಟಿ ಮರಳಿತು. ಒಳಗಿನ ಹಸಿ ಗಾಯಗಳು ಒಂದಕ್ಕೊಂದು ಅಂಟಿಕೊಳ್ಳದಿರಲೆಂದು ಪುಟ್ಟ ಸ್ಟೆಂಟ್ ಇಟ್ಟೆ — ಬಲೆಯಂಥದ್ದು, ಔಷಧಿಯನ್ನು ನಿಧಾನವಾಗಿ ಬಿಡುತ್ತಾ ತಾನೇ ಕರಗಿಹೋಗುವಂಥದ್ದು. ಇಟ್ಟದ್ದು ಸರಿಯೇ ಇತ್ತು. ಆದರೆ ಹೇಳಲಿಲ್ಲ. ಹೇಳಿದರೆ ನೂರು ಪ್ರಶ್ನೆ, ಇವರಿಗೆಲ್ಲಿ ಅರ್ಥವಾಗುತ್ತದೆ — ಹಾಗಂದುಕೊಂಡೆ.

ಒಂದು ದಿನ ಸೀನಿದಾಗ ಅದರ ಚೂರು ಹೊರಬಂತು. ಕರ್ಚೀಫಿನಲ್ಲಿ ಸುತ್ತಿಕೊಂಡು, ಗಂಡ ಶಿವಣ್ಣನೊಂದಿಗೆ ಓಡಿಬಂದರು.

“ಮೇಡಂ, ಒಳ್ಗೆ ಏನಾರ ಇಕ್ಕಿದ್ರಾ? ಪ್ಲಾಸ್ಟಿಕ್ ತರ ಐತೆ.”

ಆಗಲೂ ಹೇಳಬಹುದಿತ್ತು. ಹೊರಗೆ ರೋಗಿಗಳ ಸಾಲು — ಇಲ್ಲ, ಅದನ್ನು ನೆಪ ಮಾಡುವುದಿಲ್ಲ. ಮೊದಲೇ ಹೇಳಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು, ಅಷ್ಟೇ.

“ಏನೂ ಇಟ್ಟಿಲ್ಲಮ್ಮ. ಒಣಗಿದ ಹಕ್ಕಳೆ. ಏನೇನೋ ಕಲ್ಪಿಸಿಕೊಳ್ಳಬೇಡಿ.”

ಶಿವಣ್ಣ ನಕ್ಕರು. “ನಾನ್ ಹೇಳ್ನಿಲ್ವಾ? ಇವ್ಳಿಗೆ ಎಲ್ಲದಕ್ಕೂ ಗಾಬ್ರಿ.”

ಆ ಮಾತು ಮನೆಯಲ್ಲಿ ನಿಂತುಬಿಟ್ಟಿತು. ಕೆಲವು ವಾರ ಕಳೆದು, ಬಗ್ಗಿದಾಗೆಲ್ಲ ಮೂಗಿನಿಂದ ತಿಳಿನೀರು ತೊಟ್ಟಿಕ್ಕತೊಡಗಿತು — ಆಪರೇಷನ್ ಮಾಡಿದ ಜಾಗದಿಂದ ಸೋರುತ್ತಿದ್ದ, ಮೆದುಳಿನ ಸುತ್ತಲಿನ ನೀರು. ಹಾಗಾದರೆ ಕೂಡಲೇ ಬನ್ನಿ ಎಂದು, ಆಪರೇಷನ್ ಆಗಿ ಮನೆಗೆ ಹೊರಟಾಗ ನಾನೇ ಹೇಳಿದ್ದೆ. ಬರಲಿಲ್ಲ. ಅತ್ತೆಗೆ ಹೇಳಿದಾಗ “ಮತ್ತೆ ಶುರು ಹಚ್ಕಂಡ್ಯಾ?” ಎಂದರಂತೆ. ಜ್ವರವೇರಿ, ಕತ್ತು ಬಿಗಿದು, ಮಾತು ತಪ್ಪಿದ ಮೇಲೆ ಹೊತ್ತುತಂದರು. ಸೋಂಕು ಮೆದುಳಿನ ಪೊರೆಗೆ ತಗುಲಿತ್ತು.

ಬದುಕಿದರು. ಸೋರುತ್ತಿದ್ದ ಜಾಗವನ್ನು ಮುಚ್ಚಿದೆವು. ಹಾಸಿಗೆಯಲ್ಲಿ ಎದ್ದು ಕೂತ ದಿನ ಅವರೇ ನನ್ನ ಕ್ಷಮೆ ಕೇಳಿದರು — “ನಂದೇ ತಪ್ಪು ಮೇಡಂ. ನನ್ ಭ್ರಮೆ ಅಂತ ಸುಮ್ಕಾಗ್ಬುಟ್ಟೆ.” ಆಗಲೂ ನಾನು — ತಲೆ ನೇವರಿಸಿ ಹೊರಟುಬಿಟ್ಟೆ.

ವರ್ಷಗಳೇ ಕಳೆದವು. ಈಚೆಗೆ ಒಂದು ಭಾನುವಾರ ಅವರ ಮನೆಗೆ ಹೋದೆ. ಜಯಮ್ಮ ಮತ್ತೆ ಕಾರ್ಖಾನೆಗೆ ಹೋಗುತ್ತಿದ್ದಾರೆ. ಅಂದು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜೊತೆಗೆ ಒಯ್ದಿದ್ದ ಹೊಸ ಸ್ಟೆಂಟನ್ನು ಅವರ ಅಂಗೈಯಲ್ಲಿಟ್ಟು, ಶಿವಣ್ಣ ಕೇಳುವಂತೆಯೇ ಎಲ್ಲ ಹೇಳಿದೆ. ಈಗ ಆಪರೇಷನ್ನಿಗೆ ಮುಂಚೆ ಪ್ರತಿಯೊಬ್ಬರ ಕೈಗೂ ಇದನ್ನು ಕೊಟ್ಟು ತಿಳಿಸುತ್ತೇನೆ, ಅದರಿಂದ ನಿಮಗಾದದ್ದು ಅಳಿಯುವುದಿಲ್ಲ ಎಂದೂ ಹೇಳಿದೆ.

ಶಿವಣ್ಣ ತಲೆ ತಗ್ಗಿಸಿದರು. ಜಯಮ್ಮ ಬಹಳ ಹೊತ್ತು ಅದನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

“ಅಂಗಾರೆ ನಂಗೇನೂ ಭ್ರಮೆ ಇರ್ನಿಲ್ಲ.”

ಬೈಯುತ್ತಾರೆಂದು ಕಾದೆ. ಅವರು ಎದ್ದು ಒಳಗೆ ಹೋಗಿ, ಅತ್ತೆಯ ಕೈಹಿಡಿದು ಕರೆತಂದು ನನ್ನೆದುರು ಕೂರಿಸಿದರು. ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

“ಇನ್ನೊಂದ್ಸಲ ಹೇಳಿ ಮೇಡಂ. ಒಸಿ ಜೋರಾಗಿ, ಇವ್ರಿಗೆ ಕಿವಿ ಮಂದ.”

ಹೇಳಿದೆ — ಮೊದಲಿನಿಂದ, ಒಂದನ್ನೂ ಬಿಡದೆ.