ಉಪ್ಪುನೀರಿಗೆ ಅಡ್ಡಲಾಗಿ ಒಂದು ಕಟ್ಟ

ಬ್ರಹ್ಮಾವರದ ಹತ್ತಿರದ ಈ ಹಳ್ಳಿಗೆ ಬಂದ ಮರುದಿನ, ಹಿತ್ತಲಿಗೆ ಹೋದವಳು ದಂಗಾಗಿ ನಿಂತುಬಿಟ್ಟೆ. ಬೆಳಿಗ್ಗೆ ಪಡುವಣಕ್ಕೆ ಹರಿದಿದ್ದ ಹೊಳೆ ಮಧ್ಯಾಹ್ನ ಮೂಡಣಕ್ಕೆ ಹರಿಯುತ್ತಿತ್ತು! ಮನೆಯೊಡತಿ ಗಿರಿಜಕ್ಕ ನಕ್ಕರು. “ಹೆದರ್ಬೇಡ ಹೆಣೆ, ಭರತ ಬಂದದ್ದ್.” ಭರತವೆಂದರೆ ಕಡಲಿನ ಉಬ್ಬರ.

ಗಂಡನಿಗೆ ಲೈನ್‌ಮನ್ ಕೆಲಸ ಇಲ್ಲಿ ಸಿಕ್ಕಿದ್ದರಿಂದ ಗಂಗಾವತಿ ಬಿಟ್ಟು ಬಂದೆವು. ನಾನು ಮನೆಯಲ್ಲೇ ಹೊಲಿಗೆ ಶುರುಮಾಡಿದೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇವರ ಮಾತಿನ ಓಟಕ್ಕೆ ನನ್ನ ಕಿವಿ ಸೋತಿತು. ಬೇಸಿಗೆಯಲ್ಲಿ ಬಾವಿಯ ನೀರೂ ಉಪ್ಪಾಯಿತು. ಎರಡು ವರ್ಷದ ಮಗಳು ಲೋಟವನ್ನೇ ದೂಡುತ್ತಿದ್ದಳು. ನಾವು ಟ್ಯಾಂಕರಿಗೆ ಕಾದು ನಿಲ್ಲುತ್ತಿದ್ದೆವು.

“ಕಟ್ಟ ಕಟ್ಲಿಲ್ಲೆ ಕಾಣ್, ಅದ್ಕೇ,” ಎಂದರು ಗಿರಿಜಕ್ಕ. ಮಳೆಗಾಲ ಮುಗಿದ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಹೊಳೆಗೆ ಒಡ್ಡು ಕಟ್ಟುತ್ತಿದ್ದರಂತೆ. ಉಪ್ಪುನೀರು ಮೇಲೇರದಂತೆ ತಡೆಯುವ ಈ ಒಡ್ಡೇ ಕಟ್ಟ. ಆಚೆ ದಡದ ರಾಜೀವ ಶೆಟ್ಟರು ಬೇಡವೆಂದ ಮೇಲೆ ಅದು ನಿಂತುಹೋಗಿತ್ತು. ಅವರಿಗೂ ಗಿರಿಜಕ್ಕನಿಗೂ ಮಾತು ಬಿಟ್ಟಿತ್ತು.

ನಮ್ಮ ಗಂಗಾವತಿಯಲ್ಲಿ ಕಾಲುವೆಗೆ ನೀರು ಬಿಡುವವರು ಯಾರೋ ಎಲ್ಲೋ ಇರುತ್ತಾರೆ, ನಾವು ಕಾಯುತ್ತೇವೆ. ಇಲ್ಲಿ ಎದುರುಬದುರು ದಡದ ಇಬ್ಬರು ಮಾತಾಡದಿದ್ದರೆ ಊರಿಗೇ ಸಿಹಿನೀರಿಲ್ಲ. ಇದು ನನಗೆ ಹೊಸತು.

ಮಳೆಗಾಲ ಕಳೆದ ಮೇಲೆ ಶೆಟ್ಟರ ಹೆಂಡತಿಯ ರವಿಕೆ ಕೊಡಲು ಆಚೆ ದಡಕ್ಕೆ ಹೋದೆ. ಮುಂಬೈಯ ಹೋಟೆಲು ಮಗನಿಗೆ ಒಪ್ಪಿಸಿ ಬಂದಿದ್ದ ಶೆಟ್ಟರು ಜಗಲಿಯಲ್ಲಿದ್ದರು. ಕಟ್ಟದ ಸುದ್ದಿ ತೆಗೆದೆ.

“ಕಟ್ಟ ಬೇಡ ಅಂತ ನಾನ್ ಹೇಳ್ಲೇ ಇಲ್ಲೆ! ನನ್ನ ಉದ್ದಿನ ಗದ್ದೆ ಮುಳ್ಗುವಷ್ಟ್ ಎತ್ರ ಬೇಡ ಅಂದೆ. ಯಾರ್ ಕೇಂಡ್ರ್?”

ಬಂದು ಅದನ್ನೇ ಹೇಳಿದೆ. ಗಿರಿಜಕ್ಕ ಮುಖ ತಿರುಗಿಸಿದರು. ಆದರೆ ಮರುದಿನ ಒಂದು ಬಿದಿರಿನ ಗಳ ಹಿಡಿದು ಮೊಣಕಾಲುದ್ದ ನೀರಿಗಿಳಿದರು. ಅದನ್ನು ಊರಿ, ಒಂದು ಎತ್ತರಕ್ಕೆ ಕೈಯಿಟ್ಟು ತೋರಿಸುತ್ತ ಕೂಗಿದರು.

“ಹ್ವಾಯ್ ರಾಜೀವಣ್ಣ! ಇಷ್ಟ್ ಎತ್ರ ಸಾಕಾ?”

ಶೆಟ್ಟರು ಹೊರಬಂದು ದಡದವರೆಗೆ ಇಳಿದರು. “ಒಂದ್ ಗೇಣ್ ಇಳ್ಸಿ. ನಾನೂ ಬತ್ತೆ.”

ಆ ಭಾನುವಾರ ಎರಡೂ ದಡದವರು ಇಳಿದೆವು. ಬುಟ್ಟಿ ಕೈಯಿಂದ ಕೈಗೆ ಸಾಗಿತು. ನನ್ನ ಒಂದು ಪಕ್ಕದಲ್ಲಿ ಶೆಟ್ಟರ ಹೆಂಡತಿ, ಇನ್ನೊಂದು ಪಕ್ಕದಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಅಜ್ಜಿ. ಸಂಜೆಯ ಭರತಕ್ಕೆ ನಡುವೆ ಒಂದು ಕಡೆ ಜಿನುಗಿತು. ಗಿರಿಜಕ್ಕನೂ ಶೆಟ್ಟರೂ ಒಬ್ಬರನ್ನೊಬ್ಬರು ಬೈಯುತ್ತಲೇ ಅಲ್ಲಿ ಮಣ್ಣು ಮೆತ್ತಿದರು. ಒಡ್ಡು ನಿಂತಿತು. ನಾನು ತಂದಿದ್ದ ಜೋಳದ ರೊಟ್ಟಿಯನ್ನು ಅಜ್ಜಿ ಮುರಿಯಲಾರದೆ ಚಾದಲ್ಲಿ ಅದ್ದಿ ತಿಂದರು. “ಲಾಯ್ಕ್ ಇತ್ತ್” ಎಂದರು. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರಾಯಿತು.

ಈ ಬೇಸಿಗೆಯಲ್ಲಿ ಬಾವಿಯ ನೀರು ಸಿಹಿಯಾಗೇ ಉಳಿದಿದೆ. ಮೊನ್ನೆ ಅವ್ವ ಫೋನಿನಲ್ಲಿ, “ಅಲ್ಲಿ ನೀರಿಗೆ ಭಾಳ ತ್ರಾಸ ಐತೇನವ್ವಾ?” ಎಂದು ಕೇಳಿದಳು.

“ನಮ್ಮೂರಾಗ ಇಲ್ಲವ್ವಾ, ನಾವು ಕಟ್ಟ ಕಟ್ಟೀವಿ,” ಎಂದೆ, ಹೆಮ್ಮೆಯಿಂದಲೇ.

“ಇಲ್ಲಿ ಕಾಲುವೆ ಬಂದ್ ಆಗೇತಿ,” ಎಂದಳು ಅವ್ವ. ನನಗೆ ಚುರುಕ್ಕೆಂದಿತು. ಗಂಗಾವತಿಯೂ ನಮ್ಮೂರೇ ಅಲ್ಲವೇ?